ನಾಯಿಯೊಡನೆ ಸ್ಮಿತ್ ನದಿಯ ದಡದಲ್ಲಿ ಟ್ರೇಲರ್ ಬಿಡಾರ: ಹೊರಡುವವರಿಗೆ ಒಂದು ಕೈಪಿಡಿ

ಕ್ಯಾಲಿಫೋರ್ನಿಯಾದ ದೊಡ್ಡ ನದಿಗಳ ಪೈಕಿ ಮುಖ್ಯ ಹರಿವಿಗೆ ಎಲ್ಲಿಯೂ ಅಣೆಕಟ್ಟಿನ ತಡೆಯಿಲ್ಲದೆ ಕಡಲು ಸೇರುವ ನದಿಯೆಂದು ಸ್ಮಿತ್ ನದಿಗೆ ಹೆಸರಿದೆ. ರಾಜ್ಯದ ವಾಯವ್ಯ ತುದಿಯಲ್ಲಿ, ಆರೆಗನ್ ಗಡಿಯ ಸಮೀಪದಲ್ಲಿ ಹರಿಯುವ ಈ ಹೊಳೆಯ ನೀರು ಬೇಸಿಗೆಯಲ್ಲಿ ಹಸಿರು ಛಾಯೆಯ ಗಾಜಿನಂತೆ ತಿಳಿಯಾಗಿದ್ದು, ತಳದ ಕಲ್ಲುಗಳು ಕಣ್ಣಿಗೆ ಕಾಣುತ್ತವೆ. ಕ್ರೆಸೆಂಟ್ ಸಿಟಿಯಿಂದ ಯು.ಎಸ್. 199 ಹೆದ್ದಾರಿಯಲ್ಲಿ ಸುಮಾರು 9 ಮೈಲಿ ಒಳಗೆ, ಹೊಳೆಯ ದಂಡೆಗೇ ಅಂಟಿಕೊಂಡಂತೆ ಜೆಡಿಡಾಯಾ ಸ್ಮಿತ್ ರೆಡ್‌ವುಡ್ಸ್ ಸ್ಟೇಟ್ ಪಾರ್ಕಿನ ಕ್ಯಾಂಪ್‌ಗ್ರೌಂಡ್ ಇದೆ. ಅಲ್ಲಿ ಟ್ರೇಲರ್ ನಿಲ್ಲಿಸುವ ಜಾಗವೇ ಮುನ್ನೂರು ಅಡಿ ಎತ್ತರಕ್ಕೆ ಬೆಳೆಯಬಲ್ಲ ಹಳೆಯ ರೆಡ್‌ವುಡ್ ಮರಗಳ ಬುಡದಲ್ಲಿರುತ್ತದೆ. ಸ್ಯಾನ್ ಫ್ರಾನ್ಸಿಸ್ಕೊ ಸುತ್ತಲಿನ ಬೇ ಏರಿಯಾದ ಕನ್ನಡ ಕುಟುಂಬಗಳಿಗೆ ಶಾಲೆಯ ರಜೆಯಲ್ಲಿ, ಊರಿನಿಂದ ತಾತ ಅಜ್ಜಿ ಬಂದಿರುವಾಗ, ಎಲ್ಲರೂ ಒಂದೆಡೆ ನಾಲ್ಕು ದಿನ ಕಳೆಯಲು ಇದಕ್ಕಿಂತ ಒಳ್ಳೆಯ ಜಾಗ ಆ ರಾಜ್ಯದಲ್ಲಿ ಸಿಗುವುದು ಕಷ್ಟವೆಂದು ನನಗೆ ಅನ್ನಿಸುತ್ತದೆ. ಆದರೆ ಜೊತೆಯಲ್ಲಿ ನಾಯಿಯೂ ಟ್ರೇಲರೂ ಇದ್ದಾಗ, ನಾಯಿಗೆ ಎಲ್ಲಿಗೆ ಪ್ರವೇಶವಿದೆ ಮತ್ತು ಟ್ರೇಲರಿನ ಉದ್ದ ತೂಕಗಳು ಎಷ್ಟು ಎಂಬ ಎರಡು ಪ್ರಶ್ನೆಗಳನ್ನು ಮೊದಲು ಇತ್ಯರ್ಥ ಮಾಡಿಕೊಂಡು, ಉಳಿದ ಯೋಜನೆಯನ್ನೆಲ್ಲ ಅದಕ್ಕೆ ತಕ್ಕಂತೆ ಹೊಂದಿಸಿಕೊಳ್ಳಬೇಕು.

ಈ ಪಾರ್ಕಿನಲ್ಲಿ ನಾಯಿಯನ್ನು ಕ್ಯಾಂಪ್‌ಗ್ರೌಂಡಿಗೆ, ಪಿಕ್ನಿಕ್ ಜಾಗಕ್ಕೆ ಮತ್ತು ವಾಹನ ಓಡಾಡುವ ರಸ್ತೆಗಳಿಗೆ ಕರೆದೊಯ್ಯಬಹುದು, ಕಾಲುದಾರಿಗಳಿಗೆ ಕರೆದೊಯ್ಯುವಂತಿಲ್ಲ. ಲೀಶ್, ಅಂದರೆ ನಾಯಿಯನ್ನು ಹಿಡಿಯುವ ಹಗ್ಗ, 6 ಅಡಿಗಿಂತ ಉದ್ದವಿರಬಾರದು, ನಾಯಿಯ ಬಳಿ ಸದಾ ಒಬ್ಬರು ಇರಲೇಬೇಕು, ರಾತ್ರಿ ಅದನ್ನು ಡೇರೆಯ ಅಥವಾ ವಾಹನದ ಒಳಗೇ ಮಲಗಿಸಬೇಕು. ಇದರ ಅರ್ಥವೇನೆಂದರೆ, ಎಲ್ಲರೂ ನೋಡಬಯಸುವ ಸ್ಟೌಟ್ ಗ್ರೋವ್ ಎಂಬ ಮಹಾವೃಕ್ಷಗಳ ತೋಪಿಗೆ ಇಡೀ ಕುಟುಂಬ ಒಟ್ಟಿಗೆ ಹೋಗಲಾಗದು. ಇದನ್ನು ಅಲ್ಲಿಗೆ ತಲುಪಿದ ಮೇಲೆ ತಿಳಿದುಕೊಂಡರೆ ಮಕ್ಕಳ ಮುಖ ಬಾಡುತ್ತದೆ. ಮನೆಯಲ್ಲಿಯೇ ಕುಳಿತು ಪಾಳಿ ಹಾಕಿಕೊಳ್ಳಿ: ಬೆಳಿಗ್ಗೆ ಅಪ್ಪ ಮಕ್ಕಳೊಡನೆ ತೋಪಿಗೆ ಹೋದರೆ ಅಮ್ಮ ಹೊಳೆಯ ಬಳಿ ನಾಯಿಯೊಡನೆ ಇರಲಿ, ಮಧ್ಯಾಹ್ನ ಅದಲುಬದಲಾಗಲಿ. ನಡೆಯಲು ಆಗದ ಹಿರಿಯರು ಜೊತೆಗಿದ್ದರೆ ಅವರೂ ನಾಯಿಗೆ ಒಳ್ಳೆಯ ಸಂಗಾತಿಗಳು. ಆದರೆ ಬಲವಾಗಿ ಎಳೆಯುವ ದೊಡ್ಡ ನಾಯಿಯ ಲೀಶನ್ನು ಅವರ ಕೈಗೆ ಕೊಡಬೇಡಿ. ನಾಯಿಯನ್ನು ಉದ್ದಕ್ಕೆ ನಡೆಸಲು ಪಾರ್ಕಿನ ಪಶ್ಚಿಮ ಭಾಗದಲ್ಲಿರುವ ವಾಕರ್ ರೋಡ್ ಎಂಬ ಮಣ್ಣುರಸ್ತೆ ತಕ್ಕದ್ದು, ಏಕೆಂದರೆ ಮರಗಳ ನಡುವೆಯೇ ಸಾಗುವ ಆ ರಸ್ತೆಯಲ್ಲಿ ಲೀಶ್ ಹಾಕಿದ ನಾಯಿಗೆ ಅನುಮತಿಯಿದೆ.

ನಿಮ್ಮ ನಾಯಿ ದಿನಕ್ಕೆ ಎರಡು ಗಂಟೆ ಕಾಡಿನಲ್ಲಿ ನಡೆಯದಿದ್ದರೆ ನೆಮ್ಮದಿಗೆಡುವ ಜಾತಿಯದಾಗಿದ್ದರೆ, ನಾನು ಪಾರ್ಕನ್ನು ಬಿಟ್ಟು ಅದೇ ಹೆದ್ದಾರಿಯಲ್ಲಿ ಇನ್ನಷ್ಟು ಮೇಲಕ್ಕೆ, ಗ್ಯಾಸ್ಕೀ ಎಂಬ ಹಳ್ಳಿಯ ಆಚೆಗಿರುವ ಪ್ಯಾಂಥರ್ ಫ್ಲಾಟ್ ಕ್ಯಾಂಪ್‌ಗ್ರೌಂಡನ್ನೇ ಸೂಚಿಸುತ್ತೇನೆ. ಅದು ಸಿಕ್ಸ್ ರಿವರ್ಸ್ ರಾಷ್ಟ್ರೀಯ ಅರಣ್ಯಕ್ಕೆ ಸೇರಿದ್ದು, ಅರಣ್ಯ ಇಲಾಖೆಯ ಕಾಲುದಾರಿಗಳಲ್ಲಿ ನಾಯಿಗೆ ಸಾಮಾನ್ಯವಾಗಿ ನಿಷೇಧವಿಲ್ಲ. ಅಲ್ಲಿ ಅಷ್ಟು ದೊಡ್ಡ ರೆಡ್‌ವುಡ್‌ಗಳಿಲ್ಲ, ಆದರೆ ಹೊಳೆ ಇದೆ, ಬಿಸಿಲಿದೆ, ನಾಯಿಯೊಡನೆ ಮನೆಮಂದಿಯೆಲ್ಲ ಒಟ್ಟಿಗೆ ನಡೆಯುವ ಸ್ವಾತಂತ್ರ್ಯವಿದೆ.

ಪಾರ್ಕನ್ನೇ ಆರಿಸಿಕೊಂಡರೆ ಅಳತೆಯ ಪಟ್ಟಿ ಹಿಡಿದು ಟ್ರೇಲರಿನ ಬಳಿಗೆ ಹೋಗಿ. ಇಲ್ಲಿ ಟ್ರೇಲರುಗಳಿಗೆ 21 ಅಡಿಯ ಮಿತಿಯಿದೆ, ಮೋಟಾರ್‌ಹೋಮ್‌ಗಳಿಗೆ 25 ಅಡಿ. ಟ್ರೇಲರಿನ ಮಾದರಿಯ ಹೆಸರಿನಲ್ಲಿರುವ ಸಂಖ್ಯೆ ಬಹಳ ಸಲ ಒಳಗಿನ ಕೋಣೆಯ ಉದ್ದವನ್ನಷ್ಟೇ ಸೂಚಿಸುತ್ತದೆ. ಮುಂದೆ ಚಾಚಿದ ಹಿಚ್‌ನ (ಕಾರಿಗೆ ಜೋಡಿಸುವ ಕೊಂಡಿಯ) ಭಾಗ, ಹಿಂದಿನ ಬಂಪರ್, ಅಲ್ಲಿ ತೂಗಿಸಿದ ಸೈಕಲ್ ಸ್ಟ್ಯಾಂಡ್ ಎಲ್ಲವನ್ನೂ ಸೇರಿಸಿ ಅಳೆದಾಗ "18" ಎಂದು ಬರೆದಿರುವ ಟ್ರೇಲರ್ 22 ಅಡಿ ಆಗಿಬಿಡಬಹುದು. ಒಂದೊಂದು ಸೈಟಿನ ಉದ್ದವೂ ಬೇರೆ ಬೇರೆಯಾಗಿರುವುದರಿಂದ ರಿಸರ್ವ್ ಕ್ಯಾಲಿಫೋರ್ನಿಯಾ ತಾಣದಲ್ಲಿ ಆ ಸೈಟಿನ ವಿವರವನ್ನು ತೆರೆದು ನೋಡಿಯೇ ಕಾಯ್ದಿರಿಸಿ. ಬುಕಿಂಗ್ 6 ತಿಂಗಳು ಮುಂಚಿತವಾಗಿ ಬೆಳಿಗ್ಗೆ 8 ಗಂಟೆಗೆ ತೆರೆಯುತ್ತದೆ, ಬೇಸಿಗೆಯ ವಾರಾಂತ್ಯಗಳು ಬೇಗನೆ ಮುಗಿದುಹೋಗುತ್ತವೆ. ಟ್ರೇಲರ್ ಬಾಡಿಗೆಗೆ ತರುವವರು ನಾಯಿಗೆ ಒಪ್ಪಿಗೆಯಿದೆಯೇ ಎಂಬುದನ್ನು ಒಪ್ಪಂದದ ಕಾಗದದಲ್ಲೇ ಬರೆಸಿಕೊಳ್ಳುವುದು ಒಳ್ಳೆಯದು.

ಉದ್ದದ ನಂತರ ತೂಕ. ಎಳೆಯುವ ವಾಹನದ ಸಾಮರ್ಥ್ಯ 5,000 ಪೌಂಡ್ ಎಂದು ಪುಸ್ತಕದಲ್ಲಿ ಬರೆದಿದ್ದರೆ ಅಷ್ಟಕ್ಕೇ ನೆಮ್ಮದಿಯಿಂದ ಇರಬೇಡಿ; ಚಾಲಕನ ಬಾಗಿಲ ಚೌಕಟ್ಟಿನಲ್ಲಿ ಅಂಟಿಸಿರುವ ಹಳದಿ ಬಿಳಿ ಚೀಟಿಯನ್ನು ಓದಿ, ಜನ ಮತ್ತು ಸಾಮಾನು ಸೇರಿ ಎಷ್ಟು ಪೌಂಡ್ ಮೀರಬಾರದು ಎಂಬುದನ್ನು ನೋಡಿ. ಅದರಲ್ಲಿ 1,100 ಪೌಂಡ್ ಎಂದಿದೆ ಎಂದುಕೊಳ್ಳೋಣ. ಟ್ರೇಲರಿನ ಮುಂಭಾಗ ಹಿಚ್ ಮೇಲೆ ಹೇರುವ ಭಾರ ಒಟ್ಟು ತೂಕದ 10ರಿಂದ 15 ಶೇಕಡಾ ಇರಬೇಕಾದ್ದರಿಂದ, 4,000 ಪೌಂಡಿನ ಟ್ರೇಲರಿಗೆ ಸುಮಾರು 500 ಪೌಂಡ್ ಅಲ್ಲೇ ಖರ್ಚಾಯಿತು. ನಾಲ್ಕು ಜನರಿಗೆ 550 ಪೌಂಡ್ ಕಳೆದರೆ ಉಳಿದದ್ದು 50. ನಿಮ್ಮ ಲ್ಯಾಬ್ರಡಾರ್ 70 ಪೌಂಡ್ ಇದ್ದರೆ ಲೆಕ್ಕ ಅಲ್ಲಿಗೇ ಮೀರಿತು, ಇನ್ನು ಕೂಲರ್, ಅಕ್ಕಿ, ಕುಕ್ಕರ್‌ಗಳ ಮಾತು ಹಾಗಿರಲಿ. ಹೀಗಾದಾಗ ಭಾರದ ಸಾಮಾನನ್ನು ಕಾರಿನಿಂದ ಟ್ರೇಲರಿಗೆ ವರ್ಗಾಯಿಸುವುದು, ಚಿಕ್ಕ ಟ್ರೇಲರ್ ತರುವುದು ಅಥವಾ ಹೆಚ್ಚು ಸಾಮರ್ಥ್ಯದ ವಾಹನ ಹುಡುಕುವುದು, ಇಷ್ಟೇ ದಾರಿಗಳು. ಟ್ರೇಲರಿನೊಳಗೆ ಸಾಮಾನು ಹೇರುವಾಗ ಮೂಕಿ ಮೇಲೇಳದಂತೆಯೂ ಎತ್ತಿನ ಕತ್ತಿನ ಮೇಲೆ ಕೂರದಂತೆಯೂ ಎತ್ತಿನಗಾಡಿಗೆ ಭಾರ ತುಂಬುವ ಲೆಕ್ಕಾಚಾರವೇ ಇಲ್ಲಿಯೂ ನಡೆಯುತ್ತದೆ: ಅರ್ಧಕ್ಕಿಂತ ತುಸು ಹೆಚ್ಚು ಭಾರ ಅಚ್ಚಿನ ಮುಂದಕ್ಕೆ ಇರಲಿ. ಹಿಂಭಾಗ ಭಾರವಾದ ಟ್ರೇಲರ್ ಹೆದ್ದಾರಿಯಲ್ಲಿ ಎಡಬಲಕ್ಕೆ ತೂಗಾಡಲು ತೊಡಗಿ, ಕೊನೆಗೆ ಕಾರನ್ನೂ ಎಳೆದು ಬೀಳಿಸಬಲ್ಲದು.

ಹಿಚ್ ಜೋಡಿಸಿದ ಮೇಲೆ ಕೊಂಡಿ ಕೂತಿದೆಯೇ ಎಂದು ನೋಡಲು ಟ್ರೇಲರಿನ ಜಾಕ್‌ ಅನ್ನು ಕೆಲವು ಇಂಚು ಮೇಲೆತ್ತಿ. ಕಾರಿನ ಹಿಂಭಾಗವೂ ಅದರೊಡನೆ ಏಳಬೇಕು. ಎರಡು ಸುರಕ್ಷಾ ಸರಪಳಿಗಳನ್ನು ಕೊಂಡಿಯ ಅಡಿಯಲ್ಲಿ ಪರಸ್ಪರ ಅಡ್ಡಹಾಯುವಂತೆ ಸಿಕ್ಕಿಸಿದರೆ, ಕೊಂಡಿ ಕಳಚಿದರೂ ಟ್ರೇಲರಿನ ಮೂತಿ ರಸ್ತೆಗೆ ಬಡಿಯದೆ ಸರಪಳಿಯ ಮೇಲೆ ನಿಲ್ಲುತ್ತದೆ. ಟ್ರೇಲರ್ ಕಳಚಿದರೆ ಅದರ ಬ್ರೇಕ್ ತಾನೇ ಹಿಡಿಯುವಂತೆ ಮಾಡುವ ತುರ್ತು ಬ್ರೇಕಿನ ತಂತಿಯನ್ನು ಸರಪಳಿಗೆ ಸುತ್ತದೆ ನೇರವಾಗಿ ಕಾರಿಗೇ ಕಟ್ಟಬೇಕು. ದೀಪಗಳನ್ನು ಒಬ್ಬರು ಹಿಂದೆ ನಿಂತು ನೋಡಲಿ. ಟೈರಿನ ಗಾಳಿಯನ್ನು ತಣ್ಣಗಿರುವಾಗಲೇ ಅಳೆಯಿರಿ, ಚಕ್ರದ ನಟ್‌ಗಳನ್ನು ಟಾರ್ಕ್ ವ್ರೆಂಚಿನಿಂದ ಬಿಗಿದು, ಚಕ್ರ ತೆಗೆದು ಹಾಕಿದ್ದರೆ ಮೊದಲ 50 ಮೈಲಿಯ ನಂತರ ಮತ್ತೊಮ್ಮೆ ಬಿಗಿಯಿರಿ.

ಸ್ಯಾನ್ ಫ್ರಾನ್ಸಿಸ್ಕೊದಿಂದ ಕ್ರೆಸೆಂಟ್ ಸಿಟಿಗೆ ಹೆದ್ದಾರಿ 101ರಲ್ಲಿ ಸುಮಾರು 350 ಮೈಲಿ. ಕ್ಯಾಲಿಫೋರ್ನಿಯಾದಲ್ಲಿ ಟ್ರೇಲರ್ ಎಳೆಯುವ ವಾಹನಕ್ಕೆ ಗಂಟೆಗೆ 55 ಮೈಲಿಯೇ ಗರಿಷ್ಠ ವೇಗವಾದ್ದರಿಂದಲೂ, ರಿಚರ್ಡ್‌ಸನ್ ಗ್ರೋವ್ ಬಳಿ ರಸ್ತೆ ದೊಡ್ಡ ಮರಗಳ ನಡುವೆ ಕಿರಿದಾಗುವುದರಿಂದಲೂ, ಕ್ರೆಸೆಂಟ್ ಸಿಟಿಗೆ ಮುಂಚೆ ಲಾಸ್ಟ್ ಚಾನ್ಸ್ ಗ್ರೇಡ್ ಎಂಬಲ್ಲಿ ಗುಡ್ಡ ಜರಿಯುತ್ತಲೇ ಇದ್ದು ಆಗಾಗ ಒಂದೇ ಬದಿಯ ಸಂಚಾರಕ್ಕಾಗಿ ಕಾಯಬೇಕಾಗುವುದರಿಂದಲೂ, ಇದನ್ನು ಎರಡು ದಿನದ ಪಯಣವಾಗಿಯೇ ಎಣಿಸಿ. ಚಲಿಸುವ ಟ್ರೇಲರಿನಲ್ಲಿ ಜನ ಕೂರುವುದು ಅಲ್ಲಿ ಕಾನೂನಿಗೆ ವಿರುದ್ಧ. ನಾಯಿಯನ್ನೂ ಅಲ್ಲಿ ಕೂಡಿಹಾಕಬಾರದು, ಏಕೆಂದರೆ ಒಳಗೆ ಸೆಖೆ ಏರುತ್ತದೆ, ಬೀರುಗಳ ಬಾಗಿಲು ತೆರೆದುಕೊಂಡು ಸಾಮಾನು ಉರುಳುತ್ತದೆ, ನಾಯಿಗೆ ಏನಾದರೂ ಆದರೆ ನಿಮಗೆ ತಿಳಿಯುವುದಿಲ್ಲ. ಕಾರಿನ ಹಿಂದಿನ ಸೀಟಿನಲ್ಲಿ ಬೆಲ್ಟಿಗೆ ಸೇರಿಸುವ ಎದೆಪಟ್ಟಿ ಹಾಕಿ ಅಥವಾ ಕ್ರೇಟಿನಲ್ಲಿ ಕೂರಿಸಿ. ಪ್ರತಿ ಎರಡು ಗಂಟೆಗೊಮ್ಮೆ ನಿಲ್ಲಿಸುವಾಗ ಲೀಶ್ ಹಾಕಿದ ನಂತರವೇ ಬಾಗಿಲು ತೆರೆಯುವ ಕಟ್ಟುನಿಟ್ಟನ್ನು ಮಕ್ಕಳಿಗೂ ಕಲಿಸಿ. ಅಪರಿಚಿತ ಊರಿನ ಹೆದ್ದಾರಿಯ ಅಂಚಿನಲ್ಲಿ ತಪ್ಪಿಸಿಕೊಂಡ ನಾಯಿಯನ್ನು ಹುಡುಕುವುದು ಎಷ್ಟು ಸಂಕಟವೆಂದು ಹೇಳಬೇಕಾಗಿಲ್ಲ. ಕೊರಳಪಟ್ಟಿಯಲ್ಲಿ ಫೋನ್ ಸಂಖ್ಯೆ, ಕಾರಿನಲ್ಲಿ ರೇಬೀಸ್ ಲಸಿಕೆಯ ಪತ್ರ ಇರಲಿ.

ದಾರಿಯಲ್ಲಿ 101ರ ಪಕ್ಕದಲ್ಲೇ ಈಲ್ ನದಿಯ ದಕ್ಷಿಣ ಕವಲು ಸಿಗುತ್ತದೆ, ದಣಿದ ನಾಯಿ ಅಲ್ಲಿ ನೀರಿಗೆ ಇಳಿಯಲು ಹಾತೊರೆಯುತ್ತದೆ. ಬೇಸಿಗೆಯ ಕೊನೆಯಲ್ಲಿ ಹರಿವು ಇಳಿದು ನೀರು ಬೆಚ್ಚಗಾದಾಗ ಆ ನದಿಯ ಕಲ್ಲುಗಳ ಮೇಲೆ ವಿಷಕಾರಿ ನೀಲಿಹಸಿರು ಪಾಚಿ ಬೆಳೆಯುತ್ತದೆ, ಅದನ್ನು ತಿಂದು ನಾಯಿಗಳು ಸತ್ತಿರುವುದು ದಾಖಲಾಗಿದೆ. ಪಾಚಿ ದಡಕ್ಕೆ ಬಂದು ಒಣಗಿದ ಮೇಲೂ ವಿಷ ಉಳಿದಿರುತ್ತದೆ, ಅದರ ವಾಸನೆ ನಾಯಿಯನ್ನು ಸೆಳೆಯುತ್ತದೆ. ಎಚ್ಚರಿಕೆಯ ಫಲಕ ಇದ್ದರೂ ಇಲ್ಲದಿದ್ದರೂ ಅಲ್ಲಿ ನಾಯಿಗೆ ಬಾಟಲಿಯ ನೀರನ್ನೇ ಕುಡಿಸಿ.

ಕ್ಯಾಂಪ್‌ಗ್ರೌಂಡಿಗೆ ಹಗಲಿರುವಾಗಲೇ ತಲುಪಿ. ಕಾರಿನಿಂದ ಬಿಡಿಸುವ ಮುನ್ನ ಟ್ರೇಲರಿನ ಎಡಬಲ ಮಟ್ಟವನ್ನು ನೋಡಿ, ತಗ್ಗಿನ ಕಡೆಯ ಚಕ್ರದ ಅಡಿಗೆ ಹಲಗೆಯಿಟ್ಟು ಏರಿಸಿ. ನಂತರ ಎರಡೂ ಬದಿಯ ಚಕ್ರಗಳಿಗೆ ಅಡ್ಡಗಟ್ಟೆ ಕೊಡಿ. ಅದಾದ ಮೇಲಷ್ಟೇ ಕೊಂಡಿ ಬಿಡಿಸಿ, ಮುಂದಿನ ಜಾಕ್‌ನಿಂದ ಹಿಂದುಮುಂದಿನ ಮಟ್ಟ ಸರಿಪಡಿಸಿ. ಈ ಕ್ರಮ ತಪ್ಪಿದರೆ ಇಳಿಜಾರಿನಲ್ಲಿ ಟ್ರೇಲರ್ ಉರುಳುತ್ತದೆ. ಮೂಲೆಗಳಲ್ಲಿರುವ ಊರೆಗಳು ಅಲುಗಾಟ ತಡೆಯಲು ಮಾತ್ರ, ಅವುಗಳಿಂದ ಟ್ರೇಲರನ್ನು ಎತ್ತಬಾರದು. ಈ ಕೆಲಸವೆಲ್ಲ ಮುಗಿಯುವವರೆಗೆ ಒಬ್ಬರು ನಾಯಿಯನ್ನೂ ಚಿಕ್ಕ ಮಕ್ಕಳನ್ನೂ ದೂರದಲ್ಲಿ ಇಟ್ಟುಕೊಂಡಿರಲಿ.

ಇಲ್ಲಿ ವಿದ್ಯುತ್ ಸಂಪರ್ಕವಿಲ್ಲ. ಛಾವಣಿಯ ಮೇಲೆ ಸೋಲಾರ್ ಫಲಕ ಇದೆಯೆಂದು ನಂಬಿಕೊಂಡು ಬರುವವರು ಈ ಕಾಡಿನಲ್ಲಿ ಮೋಸಹೋಗುತ್ತಾರೆ. ರೆಡ್‌ವುಡ್‌ಗಳ ನೆರಳಿನಲ್ಲಿ ಮಧ್ಯಾಹ್ನವೂ ಬಿಸಿಲು ಚುಕ್ಕೆಚುಕ್ಕೆಯಾಗಿಯೇ ಬೀಳುತ್ತದೆ. ಜುಲೈನಲ್ಲೂ ರಾತ್ರಿ 10 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಇಳಿಯುವುದರಿಂದ ಹೀಟರ್ ಬೇಕೆನಿಸುತ್ತದೆ, ಅದರ ಫ್ಯಾನು ಸುಮಾರು 7 ಆಂಪ್ ಎಳೆಯುತ್ತದೆ, ರಾತ್ರಿಯಿಡೀ ಒಟ್ಟು ಆರು ಗಂಟೆ ಓಡಿದರೆ 42 ಆಂಪ್‌-ಅವರ್ ಹೋಯಿತು. ಸಾಮಾನ್ಯ ಸೀಸದ ಬ್ಯಾಟರಿ 100 ಆಂಪ್‌-ಅವರ್‌ನದಾದರೆ ಅದರಲ್ಲಿ ಅರ್ಧವನ್ನಷ್ಟೇ ಬಳಸಬೇಕು. ಆದ್ದರಿಂದ ದಪ್ಪ ರಜಾಯಿ ಹೊದ್ದು, ಮಲಗುವ ಮುಂಚೆ ಮತ್ತು ಎದ್ದ ಮೇಲೆ ಮಾತ್ರ ಹೀಟರ್ ಹಾಕುವುದು ಲೇಸು. ಜನರೇಟರ್ ಬೆಳಿಗ್ಗೆ 10ರಿಂದ ರಾತ್ರಿ 8ರವರೆಗೆ ಮಾತ್ರ. ಒಳಗಿನ ಒಲೆಯನ್ನು ಚಳಿ ಕಾಯಿಸಲು ಎಂದಿಗೂ ಹಚ್ಚಬೇಡಿ, ಕಾರ್ಬನ್ ಮಾನಾಕ್ಸೈಡ್ ಸೂಚಕದ ಗುಂಡಿ ಒತ್ತಿ ಅದು ಕೂಗುತ್ತದೆಯೇ ಎಂದು ಪರೀಕ್ಷಿಸಿ. ಸ್ನಾನ ಶೌಚಗಳಿಗೆ ಪಾರ್ಕಿನ ಕಟ್ಟಡವನ್ನೇ ಬಳಸಿದರೆ 30 ಗ್ಯಾಲನ್ನಿನ, ಅಂದರೆ ಸುಮಾರು 113 ಲೀಟರಿನ ತೊಟ್ಟಿ ನಾಲ್ವರ ಅಡುಗೆಗೂ ಕುಡಿಯಲಿಕ್ಕೂ ನಾಲ್ಕು ದಿನ ಸಾಕಾಗುತ್ತದೆ.

ಅಡುಗೆಯ ವಿಷಯದಲ್ಲಿ ಈ ಕಾಡು ನಮ್ಮಿಂದ ಒಂದು ವಿಶೇಷ ಎಚ್ಚರವನ್ನು ಬೇಡುತ್ತದೆ, ಅದನ್ನು ನಾನು ಮನಸಾರೆ ಒತ್ತಿ ಹೇಳುತ್ತೇನೆ. ಮಾರ್ಬಲ್ಡ್ ಮರ್ಲೆಟ್ ಎಂಬ ಚಿಕ್ಕ ಕಡಲಹಕ್ಕಿ ಇಡೀ ದಿನ ಸಾಗರದಲ್ಲಿ ಮೀನು ಹಿಡಿದು, ಮರಿ ಮಾಡಲು ಮಾತ್ರ ಈ ಹಳೆಯ ಮರಗಳಿಗೆ ಬಂದು, ಹಾವಸೆ ಬೆಳೆದ ಅಗಲ ಕೊಂಬೆಯ ಮೇಲೆ ಒಂದೇ ಒಂದು ಮೊಟ್ಟೆಯಿಡುತ್ತದೆ. ಅದರ ಗೂಡನ್ನು ಕ್ಯಾಲಿಫೋರ್ನಿಯಾದಲ್ಲಿ ಮೊದಲು ಕಂಡದ್ದೇ 1974ರಲ್ಲಿ. ಬಿಡಾರಗಳಲ್ಲಿ ಉದುರಿದ ತಿಂಡಿಯ ಆಸೆಗೆ ಸ್ಟೆಲ್ಲರ್ಸ್ ಜೇ ಎಂಬ ನೀಲಿ ಹಕ್ಕಿಗಳೂ ಕಾಡುಕಾಗೆಗಳೂ ಹೆಚ್ಚುತ್ತವೆ, ಹೆಚ್ಚಿದವು ಆ ಮೊಟ್ಟೆ ಮರಿಗಳನ್ನು ತಿನ್ನುತ್ತವೆ. ಹಾಗಾಗಿ ಒಂದು ಅಗುಳೂ ನೆಲಕ್ಕೆ ಬೀಳದಂತೆ ಉಣ್ಣಬೇಕೆಂದು ಪಾರ್ಕಿನವರು ಕೇಳಿಕೊಳ್ಳುತ್ತಾರೆ. ಚುರುಮುರಿ, ಖಾರಾ ಮಂಡಕ್ಕಿ, ಅವಲಕ್ಕಿ ಒಗ್ಗರಣೆಯಂತಹ ಉದುರುವ ತಿಂಡಿಗಳನ್ನು ಟ್ರೇಲರಿನ ಒಳಗೇ ತಿನ್ನಿ. ಹೊರಗಿನ ಮೇಜಿಗೆ ಚಪಾತಿ ಪಲ್ಯದ ಸುರುಳಿ, ಬಿಸಿಬೇಳೆಬಾತ್, ಪುಳಿಯೋಗರೆ ಸರಿಹೋಗುತ್ತವೆ. ಮನೆಯಿಂದ ಗೊಜ್ಜು ಮತ್ತು ಪುಡಿಗಳನ್ನು ಮಾಡಿ ತಂದರೆ ಅಲ್ಲಿ ಅನ್ನ ಬೇಯಿಸಿದರೆ ಸಾಕು. ನಾಯಿಯ ತಟ್ಟೆಯೂ ಇದೇ ನಿಯಮಕ್ಕೆ ಒಳಪಟ್ಟದ್ದು: ಹತ್ತು ನಿಮಿಷದಲ್ಲಿ ತಿನ್ನದಿದ್ದರೆ ಎತ್ತಿ, ಕಾಳಿನ ಚೀಲವನ್ನು ಉಳಿದ ಆಹಾರದೊಡನೆ ಕರಡಿಗೆ ಸಿಗದಂತಹ ಲೋಹದ ಪೆಟ್ಟಿಗೆಯಲ್ಲಿಡಿ.

ಮಿಕ್ಕ ಹುಳಿಯನ್ನವನ್ನು ನಾಯಿಗೆ ಹಾಕುವ ಊರ ರೂಢಿಯನ್ನು ಇಲ್ಲಿಯಷ್ಟೇ ಅಲ್ಲ, ಎಲ್ಲಿಯೂ ಬಿಡಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಕೇಸರಿಬಾತಿನ ಒಣದ್ರಾಕ್ಷಿ ಅದರ ಮೂತ್ರಪಿಂಡಗಳನ್ನು ಕೆಡಿಸಬಲ್ಲದು. ಪ್ರೀತಿಯಿಂದ ತುತ್ತು ಹಾಕುವ ಅಜ್ಜಿಗೆ ಇದನ್ನು ಮೊದಲೇ ಗೌರವದಿಂದ ತಿಳಿಸಿ, ಅವರ ಕೈಗೆ ಉಪ್ಪು ಹಾಕದೆ ಬೇಯಿಸಿದ ಕ್ಯಾರೆಟ್ ತುಂಡುಗಳ ಡಬ್ಬಿ ಕೊಡಿ.

ಹೊಳೆಗೆ ಇಳಿಯುವಾಗ ನೀರಿನ ತಿಳಿತನವನ್ನು ನಂಬಬಾರದು. ಮೊಣಕಾಲುದ್ದ ಎಂದು ಕಾಣುವ ಮಡು ಆಳುದ್ದ ಇರಬಹುದು, ನೀರು ನಡುಬೇಸಿಗೆಯಲ್ಲೂ ತಣ್ಣಗಿರುತ್ತದೆ, ಹಠಾತ್ತನೆ ಮುಳುಗಿದವರಿಗೆ ಉಸಿರು ಕಟ್ಟುತ್ತದೆ. ಮಕ್ಕಳಿಗೂ ಈಜು ಬಾರದ ದೊಡ್ಡವರಿಗೂ ಲೈಫ್ ಜಾಕೆಟ್ ತೊಡಿಸಿ. ದೋಣಿ ಅಥವಾ ಕಯಾಕ್ ಏರುವ 13 ವರ್ಷದೊಳಗಿನವರಿಗೆ ಅದು ಕಾನೂನಿನ ಕಡ್ಡಾಯವೂ ಹೌದು. ನಾಯಿಗೆ ಬೆನ್ನ ಮೇಲೆ ಹಿಡಿಕೆಯಿರುವ ಜಾಕೆಟ್ ತನ್ನಿ, ಏಕೆಂದರೆ ಸೆಳವಿಗೆ ಸಿಕ್ಕ ನಾಯಿಯನ್ನು ದಡದಿಂದಲೇ ಎತ್ತಿಕೊಳ್ಳಲು ಆ ಹಿಡಿಕೆ ಬೇಕು. ನಾಯಿಯ ಹಿಂದೆ ಯಾರೂ ಹೊಳೆಗೆ ಹಾರಬಾರದೆಂದು ಮಕ್ಕಳಿಗೆ ಮೊದಲೇ ಹೇಳಿಡಿ. ದಡದ ಯಾವ ಭಾಗಕ್ಕೆ ನಾಯಿಯನ್ನು ಒಯ್ಯಬಹುದು ಎಂಬುದನ್ನು ಗೇಟಿನಲ್ಲಿ ರೇಂಜರ್ ಅವರನ್ನು ಕೇಳಿ.

ಆದರೆ ಈ ಹೊಳೆಯಲ್ಲಿ ನಾಯಿಗೆ ಇರುವ ನಿಜವಾದ ಅಪಾಯ ಸೆಳವಿಗಿಂತ ಹೆಚ್ಚಾಗಿ ದಡದಲ್ಲಿ ಬಿದ್ದ ಮೀನು. ಸಾಲ್ಮನ್, ಟ್ರೌಟ್ ಜಾತಿಯ ಹಸಿ ಮೀನಿನೊಳಗೆ ಒಂದು ಬಗೆಯ ಚಪ್ಪಟೆ ಹುಳು ಇರುತ್ತದೆ, ಆ ಹುಳುವಿನೊಳಗೆ ನಿಯೋರಿಕೆಟ್ಸಿಯ ಎಂಬ ಬ್ಯಾಕ್ಟೀರಿಯಾ. ಹುಳುವಿನ ಬದುಕಿಗೆ ಬೇಕಾದ ಬಸವನಹುಳು ಉತ್ತರ ಕ್ಯಾಲಿಫೋರ್ನಿಯಾದಿಂದ ವಾಷಿಂಗ್ಟನ್‌ವರೆಗಿನ ಹೊಳೆಗಳಲ್ಲಿ ಇರುವುದರಿಂದ ಈ ಕಾಯಿಲೆ ಬಹುಮಟ್ಟಿಗೆ ಆ ಕರಾವಳಿಗೇ ಸೀಮಿತವಾಗಿದೆ, ಹೊರಗಿನಿಂದ ಬಂದವರಿಗೆ ಇದರ ಸುಳಿವೇ ಇರುವುದಿಲ್ಲ. ಬೇಯಿಸಿದ ಮೀನಿನಲ್ಲಿ ಅಪಾಯವಿಲ್ಲ. ಗಾಳ ಹಾಕುವವರು ಎಸೆದ ತಲೆ, ಕರುಳು, ಕೊಳೆತ ಮೀನು ಇವೇ ಕಂಟಕ. ಮೂಗಿನ ಅಡಿಗೆ ಬಿದ್ದದ್ದನ್ನು "ಬಿಡು" ಎಂದಾಗ ಬಿಡುವ ಅಭ್ಯಾಸವನ್ನು ಹೊರಡುವ ತಿಂಗಳು ಮುಂಚೆಯೇ ಮಾಡಿಸಿ. ಎಲ್ಲ ಕಸಿಯುವ ನಾಯಿಯಾದರೆ ದಡದಲ್ಲಿ ಉಸಿರಾಟಕ್ಕೂ ನೀರು ಕುಡಿಯಲೂ ಅಡ್ಡಿಯಾಗದ ಬುಟ್ಟಿಯಾಕಾರದ ಬಾಯಿಕುಕ್ಕೆ ಹಾಕುವುದರಲ್ಲಿ ತಪ್ಪೇನೂ ಇಲ್ಲ.

ದಾರಿಯಂಚಿನ ಪೊದೆಗಳಲ್ಲಿ ಮೂರು ಮೂರು ಎಲೆಯ ಪಾಯಿಸನ್ ಓಕ್ ಬೆಳೆಯುತ್ತದೆ. ಅದು ಗೇರು, ಮಾವುಗಳ ಕುಟುಂಬಕ್ಕೇ ಸೇರಿದ ಗಿಡ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಬೊಬ್ಬೆ ಎದ್ದವರಿಗೆ ಇದರ ಗುಣ ಬೇಗ ಅರ್ಥವಾಗುತ್ತದೆ. ನಾಯಿಗೆ ತುಪ್ಪಳದ ರಕ್ಷಣೆಯಿರುವುದರಿಂದ ಏನೂ ಆಗದಿದ್ದರೂ ತುಪ್ಪಳಕ್ಕೆ ಅಂಟಿದ ಎಣ್ಣೆ ಅದನ್ನು ಅಪ್ಪಿಕೊಂಡ ಮಗುವಿನ ಮೈಗೆ ಹತ್ತುತ್ತದೆ. ಸಂಜೆ ಟ್ರೇಲರಿಗೆ ಹತ್ತಿಸುವ ಮುನ್ನ ನಾಯಿಯನ್ನು ಒದ್ದೆ ಬಟ್ಟೆಯಿಂದ ಕೈಗವಸು ತೊಟ್ಟು ಒರೆಸಿ, ಕಿವಿಯ ಹಿಂದೆ, ಕಂಕುಳಲ್ಲಿ, ಬೆರಳ ಸಂದಿಯಲ್ಲಿ ಉಣುಗು ಹತ್ತಿದೆಯೇ ಎಂದು ಬೆರಳಾಡಿಸಿ ನೋಡಿ.

ಸೌದೆಯನ್ನು ಮನೆಯಿಂದ ತರಬೇಡಿ, ಕಾಡಿನಲ್ಲೂ ಆರಿಸಬೇಡಿ. ಮರಗಳ ರೋಗ ಸೌದೆಯ ಮೂಲಕ ಹರಡುವುದರಿಂದ ಅಲ್ಲಿಯೇ ಕೊಳ್ಳುವುದು ಸರಿ. ಕಾಡ್ಗಿಚ್ಚಿನ ಸುದ್ದಿಯನ್ನೂ ಹೊರಡುವ ಬೆಳಿಗ್ಗೆ ನೋಡಿ. 2023ರ ಆಗಸ್ಟ್‌ನಲ್ಲಿ ಸಿಡಿಲಿನಿಂದ ಹೊತ್ತಿದ ಬೆಂಕಿಗಳು ಈ ಕಣಿವೆಯಲ್ಲಿ ಹಬ್ಬಿ ಹೆದ್ದಾರಿ 199 ಮುಚ್ಚಿತ್ತು. ಕ್ಯಾಂಪ್‌ಗ್ರೌಂಡಿನಲ್ಲಿ ಫೋನ್ ಸಿಗ್ನಲ್ ನಂಬುವಂತಿಲ್ಲವಾದ್ದರಿಂದ ನಕ್ಷೆಯನ್ನೂ ಕ್ರೆಸೆಂಟ್ ಸಿಟಿಯ ಆಸ್ಪತ್ರೆ ಮತ್ತು ಪಶುವೈದ್ಯರ ಸಂಖ್ಯೆಗಳನ್ನೂ ಕಾಗದದಲ್ಲಿ ಬರೆದಿಟ್ಟುಕೊಳ್ಳಿ, ಕಾರಿನ ಟ್ಯಾಂಕನ್ನು ಅಲ್ಲಿಗೆ ಬರುವ ಮುಂಚೆ ತುಂಬಿಸಿ. ಜೇಬಿನಲ್ಲಿ ಕಾರಿನ ಕೀಲಿ, ಬಾಗಿಲ ಬಳಿ ಲೀಶ್, ಇವೆರಡೂ ರಾತ್ರಿಯೂ ಜಾಗ ಬದಲಿಸದಿರಲಿ.

ವಾಪಸಾಗುವಾಗ ಶೌಚದ ತೊಟ್ಟಿಯನ್ನು ಮೊದಲು, ಪಾತ್ರೆ ತೊಳೆದ ನೀರಿನ ತೊಟ್ಟಿಯನ್ನು ನಂತರ ನಿಗದಿತ ಜಾಗದಲ್ಲಿ ಖಾಲಿಮಾಡಿ. ಎರಡನೆಯದರ ನೀರು ಕೊಳವೆಯನ್ನು ತೊಳೆಯುತ್ತದೆ. ಮನೆ ತಲುಪಿದ ಮೇಲೆ ಎರಡು ವಾರ ನಾಯಿಯ ಮೇಲೆ ಕಣ್ಣಿಡಿ. ಹಸಿ ಮೀನು ತಿಂದದ್ದರ ಲಕ್ಷಣಗಳು ಸಾಮಾನ್ಯವಾಗಿ 5ರಿಂದ 7 ದಿನಗಳ ನಂತರ ಕಾಣಿಸಿಕೊಳ್ಳುತ್ತವೆ: ಊಟ ಬಿಡುವುದು, ಜ್ವರ, ವಾಂತಿ, ಭೇದಿ, ಕುತ್ತಿಗೆಯ ಗಂಟುಗಳು ಊದುವುದು. ಚಿಕಿತ್ಸೆಯಿಲ್ಲದಿದ್ದರೆ ಹೆಚ್ಚಿನ ನಾಯಿಗಳು ಉಳಿಯುವುದಿಲ್ಲ. ಸಕಾಲದಲ್ಲಿ ಆ್ಯಂಟಿಬಯಾಟಿಕ್ ಮತ್ತು ಹುಳುವಿನ ಔಷಧ ಸಿಕ್ಕರೆ ಬಹುಪಾಲು ಚೇತರಿಸಿಕೊಳ್ಳುತ್ತವೆ. ಸ್ಯಾನ್ ಹೊಸೆಯ ಪಶುವೈದ್ಯರಿಗೆ ಈ ಕಾಯಿಲೆ ತಕ್ಷಣ ಹೊಳೆಯದಿರಬಹುದು. ಆದ್ದರಿಂದ ಒಳಗೆ ಕಾಲಿಡುತ್ತಲೇ, ನಾಯಿ ಉತ್ತರ ಕರಾವಳಿಯ ಸಾಲ್ಮನ್ ಹೊಳೆಯ ದಡದಲ್ಲಿ ಇತ್ತು ಎಂಬುದನ್ನೂ ಅಲ್ಲಿದ್ದ ದಿನಾಂಕಗಳನ್ನೂ ನೀವಾಗಿಯೇ ಹೇಳಿ, ಮಲದಲ್ಲಿ ಆ ಹುಳುವಿನ ಮೊಟ್ಟೆ ಇದೆಯೇ ಎಂದು ಪರೀಕ್ಷಿಸುವಂತೆ ಕೇಳಿ.